55 ಲಕ್ಷ ಇದೆ ಅಂದರೆ ಮನೆ ಕಟ್ಟೋಕೆ 55 ಲಕ್ಷ ಇದೆ ಅಂತಲ್ಲ

ಪ್ರಶ್ನೆ: ನಾವು ದಾವಣಗೆರೆಯವರು. ನಾನು, ನನ್ನ ಹೆಂಡತಿ ಇಬ್ಬರೂ ಶಿಕ್ಷಕರು. ಊರಾಚೆಯ ಬಡಾವಣೆಯಲ್ಲಿ 30×50 ಸೈಟ್ ಇದೆ, ಎರೆಮಣ್ಣಿನ ಜಾಗ. ಕೈಯಲ್ಲಿ 20 ಲಕ್ಷ, ಬ್ಯಾಂಕ್ ಸಾಲ 35 ಲಕ್ಷ, ಒಟ್ಟು 55. ಆರ್ಕಿಟೆಕ್ಟ್ ಒಬ್ಬರು ಕೆಳಗೆ ಮೇಲೆ ಸೇರಿ 2,250 ಚದರಡಿಯ ಪ್ಲಾನ್ ಬರೆದುಕೊಟ್ಟಿದ್ದಾರೆ, ಮನೆಯವರಿಗೆಲ್ಲ ತುಂಬಾ ಇಷ್ಟವಾಗಿದೆ. ಕಂಟ್ರಾಕ್ಟರ್ ಮೆಟೀರಿಯಲ್ ಸೇರಿಸಿ ಚದರಡಿಗೆ 2,300 ಹೇಳಿದ್ದಾರೆ. 51.75 ಲಕ್ಷ ಆಯಿತು. ಇನ್ನೂ ಮೂರು ಲಕ್ಷ ಉಳಿಯುತ್ತದೆ, ಸಾಕಲ್ವಾ? ಆರ್ಕಿಟೆಕ್ಟ್ ಫೀಸು ಶೇಕಡ 5. ಖರ್ಚು ಏರಿದಷ್ಟೂ ಅವರಿಗೇ ಲಾಭ ತಾನೇ? ನಮ್ಮ ಭಾವ "ಅವರ ಹತ್ತಿರ ನಿಜವಾದ ಬಜೆಟ್ ಬಾಯಿಬಿಡಬೇಡ, 40 ಅಂತ ಹೇಳು" ಅನ್ನುತ್ತಾರೆ. ಏನು ಮಾಡಲಿ? ಮತ್ತೆ, ಅಮ್ಮನಿಗೆ ಹಾಲ್‌ನಲ್ಲಿ ಉಯ್ಯಾಲೆ ಬೇಕಂತೆ. ಅದಕ್ಕೆ ಎಷ್ಟಾಗುತ್ತದೆ?

ಉತ್ತರ:

ಸಾಲದು ಮೇಷ್ಟ್ರೇ. ಹತ್ತಿರಕ್ಕೂ ಬರುವುದಿಲ್ಲ. ನೀವಿನ್ನೂ ಗುದ್ದಲಿ ಪೂಜೆ ಮಾಡಿಲ್ಲ, ಅದೇ ಸಮಾಧಾನ. ಈಗ ಕೇಳಿದ್ದಕ್ಕೆ ಖರ್ಚಾಗುವುದು ಒಂದು ಪೆನ್ಸಿಲ್, ಒಂದು ರಬ್ಬರ್. ಆರು ತಿಂಗಳು ಬಿಟ್ಟು ಕೇಳಿದ್ದರೆ ಬ್ರೇಕರ್ ತರಿಸಬೇಕಾಗುತ್ತಿತ್ತು.

ಮೊದಲು ಆ 55 ಲಕ್ಷವನ್ನು ನೋಡೋಣ. ಅದು ಮನೆ ಕಟ್ಟುವ ದುಡ್ಡಲ್ಲ. ನೀವು ಹೊಸ ಮನೆಯಲ್ಲಿ ಹಾಲು ಉಕ್ಕಿಸಿ, ಕರೆಂಟು ನೀರು ಬಂದು, ಬಟ್ಟೆ ಇಡೋಕೆ ಬೀರು ಆಗಿ, ನೆಮ್ಮದಿಯಾಗಿ ಮಲಗುವವರೆಗಿನ ದುಡ್ಡು. ಕಂಟ್ರಾಕ್ಟರ್ ಹೇಳಿದ 2,300ರಲ್ಲಿ ಇದರ ಎಷ್ಟೋ ಭಾಗ ಬರುವುದೇ ಇಲ್ಲ. ಅವರ ಕೊಟೇಶನ್ನಿನ ಕೊನೆಯ ಪುಟ ತೆಗೆದು ನೋಡಿ. ಕಾಂಪೌಂಡ್, ಗೇಟು, ಸಂಪು, ಓವರ್‌ಹೆಡ್ ಟ್ಯಾಂಕು, ಹೊರಗಿನ ಚಪ್ಪಡಿ ಇವೆಲ್ಲ "ಎಕ್ಸ್‌ಟ್ರಾ" ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇಲ್ಲದಿದ್ದರೆ ಬಾಯಿಮಾತಲ್ಲಿ ಇರುತ್ತದೆ, ಅದು ಇನ್ನೂ ಅಪಾಯ.

ನಿಮ್ಮ ಊರಿನ ಅಂದಾಜಿಗೆ ನಾನೊಂದು ಲೆಕ್ಕ ಹಾಕುತ್ತೇನೆ. ನೀವು ನಿಮ್ಮ ಅಂಕಿ ಹಾಕಿಕೊಂಡು ಮತ್ತೆ ಮಾಡಿ. ಆರ್ಕಿಟೆಕ್ಟ್ ಫೀಸು 51.75 ಲಕ್ಷದ ಮೇಲೆ ಶೇಕಡ 5, ಅವರು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಅದರ ಮೇಲೆ ಶೇಕಡ 18, ಸೇರಿ 3 ಲಕ್ಷ. ಪ್ಲಾನ್ ಮಂಜೂರಾತಿ, ಡೆಪಾಸಿಟ್ಟುಗಳು, ಮಣ್ಣು ಪರೀಕ್ಷೆ, ಸ್ಟ್ರಕ್ಚರ್ ಡ್ರಾಯಿಂಗು, ಒಳಚರಂಡಿ ಜೋಡಣೆ ಎಲ್ಲಕ್ಕೂ ಒಂದೂವರೆ. ಕಾಂಪೌಂಡು, ಗೇಟು, ಸಂಪು, ಟ್ಯಾಂಕಿಗೆ 4. ಅಡುಗೆಮನೆಯ ಕಪಾಟು, ಮೂರು ರೂಮಿನ ವಾರ್ಡ್‌ರೋಬು ಅತಿ ಸಾಧಾರಣದ್ದಾದರೂ 4.5. ಇನ್ನು ಎಲ್ಲರೂ ಮರೆಯುವ ಒಂದು ಬಾಬ್ತು ಇದೆ, ಕಟ್ಟುವಾಗಿನ ಬಡ್ಡಿ. 35 ಲಕ್ಷಕ್ಕೆ ಶೇಕಡ 8.5 ಬಡ್ಡಿ ಅಂದರೆ ಪೂರ್ತಿ ಸಾಲ ಬಂದ ಮೇಲೆ ತಿಂಗಳಿಗೆ ಸುಮಾರು 24,800 ರೂಪಾಯಿ. ಬ್ಯಾಂಕು ಹಂತ ಹಂತವಾಗಿ ಕೊಡುವುದರಿಂದ ಸರಾಸರಿ ಅರ್ಧ ಹಿಡಿಯಿರಿ. ಹತ್ತು ತಿಂಗಳಿಗೆ ಒಂದೂಕಾಲು ಲಕ್ಷ. ಆ ಹತ್ತು ತಿಂಗಳು ಈಗಿನ ಮನೆಯ ಬಾಡಿಗೆಯನ್ನೂ ನೀವು ಕಟ್ಟುತ್ತೀರಿ. ಅದು ಸಂಬಳದಲ್ಲಿ ಹೋಗುತ್ತದೆ ಅಂತ ಬಿಟ್ಟಿದ್ದೇನೆ. ಗೃಹಪ್ರವೇಶಕ್ಕೆ ಒಂದೂವರೆ (ಕಮ್ಮಿಯೇ ಹೇಳಿದೆ, ನಿಮ್ಮ ಕಡೆ ನೆಂಟರು ಎಷ್ಟು ಜನ ಅಂತ ನಿಮಗೇ ಗೊತ್ತು). ಫ್ಯಾನು, ಲೈಟು, ಗೀಸರು, ಪರದೆ ಒಂದು ಲಕ್ಷ.

ಕೂಡಿಸಿ. 16.75 ಲಕ್ಷ ಆಯಿತು. 55ರಲ್ಲಿ ಕಳೆದರೆ 38.25. ಇದರಲ್ಲಿ ಶೇಕಡ 8, ಅಂದರೆ 3 ಲಕ್ಷ, ಮುಟ್ಟದ ಹಾಗೆ ಪಕ್ಕಕ್ಕಿಡಬೇಕು. ಪಾಯ ತೆಗೆದಾಗ ಏನು ಸಿಗುತ್ತದೋ, ಕಬ್ಬಿಣದ ರೇಟು ಏನಾಗುತ್ತದೋ, ಅದಕ್ಕೆ. ಉಳಿದದ್ದು 35 ಲಕ್ಷದ ಆಸುಪಾಸು. 2,300ರಿಂದ ಭಾಗಿಸಿದರೆ ಸುಮಾರು 1,530 ಚದರಡಿ.

ಅಂದರೆ ನಿಮ್ಮ ದುಡ್ಡಿಗೆ ಹದಿನೈದು ಚದರದ (ಒಂದು ಚದರ ಅಂದರೆ ನೂರು ಚದರಡಿ) ಮನೆ ಬರುತ್ತದೆ. ಡ್ರಾಯಿಂಗಿನಲ್ಲಿ ಇರುವುದು ಇಪ್ಪತ್ತೆರಡೂವರೆ ಚದರ. ನಡುವೆ 720 ಚದರಡಿ, ಹದಿನಾರು ಲಕ್ಷಕ್ಕಿಂತ ಜಾಸ್ತಿ. ಇದನ್ನು ಅಗ್ಗದ ಟೈಲ್ಸ್ ಹಾಕಿ ಯಾರೂ ತುಂಬಲಾರರು.

ಇಲ್ಲೇ ಒಂದು ನಿಮಿಷ ನಿಲ್ಲುತ್ತೇನೆ, ಯಾಕೆಂದರೆ ನಾನು ನೋಡಿದ ಮನೆಗಳಲ್ಲಿ ಹೆಚ್ಚಿನ ಜಗಳ ನಡೆದಿರುವುದು ಟೈಲ್ಸ್ ಅಂಗಡಿಯಲ್ಲೇ. ನೆಲಕ್ಕೆ 60 ರೂಪಾಯಿದ್ದೋ 110ದ್ದೋ ಅಂತ ಗಂಡ ಹೆಂಡತಿ ಎರಡು ಭಾನುವಾರ ಮಾತು ಬಿಟ್ಟಿರುತ್ತಾರೆ. 1,250 ಚದರಡಿ ನೆಲಕ್ಕೆ ವ್ಯತ್ಯಾಸ 62,500 ರೂಪಾಯಿ. ಅದೇ ಪ್ಲಾನಿನಲ್ಲಿ "ಯಾರಾದರೂ ಬಂದರೆ ಇರಲಿ" ಅಂತ ಬರೆಸಿದ 10×12ರ ಗೆಸ್ಟ್ ರೂಮಿಗೆ, ಗೋಡೆಯ ದಪ್ಪ ಬಿಟ್ಟು ಲೆಕ್ಕ ಹಾಕಿದರೂ, 2.76 ಲಕ್ಷ. ಆ ರೂಮಿನ ಬಗ್ಗೆ ಯಾರೂ ಎರಡು ನಿಮಿಷ ಮಾತಾಡಿರುವುದಿಲ್ಲ. ಹೋದ ವರ್ಷ ನಿಮ್ಮ ಮನೆಯಲ್ಲಿ ಎಷ್ಟು ರಾತ್ರಿ ನೆಂಟರು ಉಳಿದಿದ್ದರು, ಸುಮ್ನೆ ಎಣಿಸಿ ನೋಡಿ.

ಸಿಮೆಂಟ್ ಕಮ್ಮಿಯಾಗಿದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಹೌದು, 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಚದರಡಿಗೆ 0.4 ಚೀಲ ಅನ್ನುವ ಹಳೆಯ ಅಂದಾಜಿನಲ್ಲಿ 1,530 ಚದರಡಿಗೆ ಸುಮಾರು 612 ಚೀಲ. 400 ರೂಪಾಯಿಯ ಚೀಲಕ್ಕೆ 31 ರೂಪಾಯಿ ಉಳಿತಾಯ ಅಂತ ಹಿಡಿದರೂ 19 ಸಾವಿರ. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಅದು ಎಂಟು ಚದರಡಿಯ ಬೆಲೆ.

ಈಗ ಭಾವನವರ ಸಲಹೆಗೆ ಬರುತ್ತೇನೆ. 40 ಅಂತ ಹೇಳಿದರೆ ಏನಾಗುತ್ತದೆ ಗೊತ್ತಾ? ನಾವು ಆರ್ಕಿಟೆಕ್ಟ್‌ಗಳಿಗೆ ಇದು ಮಾಮೂಲಿ. "40 ಅಂದರು, ಅಂದರೆ 50 ಇದೆ" ಅಂತ ನಾವೂ ಒಳಗೇ ಲೆಕ್ಕ ಹಾಕಿಕೊಂಡು ಅದಕ್ಕೆ ಬರೆಯುತ್ತೇವೆ. ನೀವು ಒಂದು ಸುಳ್ಳು, ನಾವು ಒಂದು ಊಹೆ, ಎರಡರ ಮಧ್ಯೆ ಬಡಪಾಯಿ ಪ್ಲಾನು. ನಿಜವಾಗಿಯೂ 40 ಇರುವವರು 40 ಅಂದರೂ ಅದೇ ಗತಿ. ಹಾಗಾಗಿ ನಿಜ ಹೇಳಿ, ಆದರೆ ಒಂದೇ ಅಂಕಿ ಹೇಳಬೇಡಿ, ಎರಡು ಹೇಳಿ. "ಸಾರ್, ನಮ್ಮ ಹತ್ತಿರ ಒಟ್ಟು 55 ಇದೆ. ಕಂಟ್ರಾಕ್ಟರ್ ಕೈಗೆ ಹೋಗಬೇಕಾದ್ದು 35. ಇದಕ್ಕೆ ಬರೆಯಿರಿ." ಮೇಲಿನ ಲೆಕ್ಕದ ಹಾಳೆಯನ್ನೂ ಜೊತೆಗೆ ಕೊಡಿ. ಇಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ಬರಹದಲ್ಲಿ ಇರಲಿ. ನಾಳೆ ನೆನಪು ಮಾಡಿಕೊಡಲು ಬೇಕಾಗುತ್ತದೆ, ಅವರಿಗೂ, ನಿಮಗೂ.

ಫೀಸಿನ ಅನುಮಾನ ನ್ಯಾಯವಾದದ್ದೇ. ನನ್ನ ವೃತ್ತಿಯವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಶೇಕಡಾವಾರು ಫೀಸಿನಲ್ಲಿ ಖರ್ಚು ಕಮ್ಮಿ ಮಾಡಿದವನಿಗೆ ಸಂಬಳವೂ ಕಮ್ಮಿ. ಬೇಕಂತಲೇ ಖರ್ಚು ಏರಿಸುವವರನ್ನು ನಾನು ಹೆಚ್ಚು ಕಂಡಿಲ್ಲ. ಆದರೆ ಇಳಿಸಲು ಒದ್ದಾಡುವವರನ್ನೂ ಹೆಚ್ಚು ಕಂಡಿಲ್ಲ. 35 ಲಕ್ಷದ ಮೇಲೆ ಶೇಕಡ 5 ಅಂದರೆ 1.75 ಲಕ್ಷ. ನೀವು ನೇರವಾಗಿ "ಎರಡು ಲಕ್ಷ ಫಿಕ್ಸ್ ಮಾಡೋಣ, ಖರ್ಚು ಏನೇ ಆದರೂ ಅಷ್ಟೇ" ಅಂತ ಕೇಳಿ. ಜೊತೆಗೆ ಒಂದು ಮಾತು ಬರೆಸಿಕೊಳ್ಳಿ: ಕಂಟ್ರಾಕ್ಟರ್‌ಗಳ ಕೊಟೇಶನ್‌ಗಳಲ್ಲಿ ಅತಿ ಕಮ್ಮಿಯದ್ದೂ 35ಕ್ಕಿಂತ ಶೇಕಡ 10 ಜಾಸ್ತಿ ಬಂದರೆ, ಬೇರೆ ಫೀಸಿಲ್ಲದೆ ಪ್ಲಾನು ತಿದ್ದಿಕೊಡಬೇಕು. ಒಳ್ಳೆಯ ಆರ್ಕಿಟೆಕ್ಟ್ ಇದಕ್ಕೆ ಒಪ್ಪುತ್ತಾರೆ. ಒಪ್ಪದಿದ್ದರೆ ಯಾಕೆ ಅಂತ ಕೇಳಿ, ಉತ್ತರದಲ್ಲೇ ಗೊತ್ತಾಗುತ್ತದೆ. ಎಷ್ಟು ಸಲ ಸೈಟಿಗೆ ಬರುತ್ತಾರೆ, ಯಾವ ಯಾವ ಡ್ರಾಯಿಂಗು ಕೊಡುತ್ತಾರೆ, ಇವೆರಡೂ ಅದೇ ಕಾಗದದಲ್ಲಿ ಇರಲಿ. ಅಂದ ಹಾಗೆ 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇದ್ದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಅಂತ ಕರೆದುಕೊಳ್ಳಬಹುದು. ನೋಂದಣಿ ಸಂಖ್ಯೆ ಕೇಳುವುದರಲ್ಲಿ ತಪ್ಪಿಲ್ಲ, ನಾಚಿಕೆಯೂ ಬೇಡ.

ಹಾಗಾದರೆ 720 ಚದರಡಿ ಎಲ್ಲಿ ಕಡಿಯುವುದು? ಇದು ನಿಜವಾಗಿ ಆರ್ಕಿಟೆಕ್ಟ್ ಮಾಡಬೇಕಾದ ಕೆಲಸ, ಅದಕ್ಕೇ ಅವರಿಗೆ ಫೀಸು. ಆದರೂ ನೀವು ಹೋಗಿ ಕೂರುವ ಮುಂಚೆ ಒಂದಿಷ್ಟು ಗೊತ್ತಿರಲಿ.

ನಿಮ್ಮ ಸೈಟಿನಲ್ಲಿ ಸುತ್ತ ಜಾಗ ಬಿಟ್ಟು ಕೆಳಗೆ 1,000 ಚದರಡಿ ಸುಮಾರಿಗೆ ಬರುತ್ತದೆ. ಕೆಳಗೆ ಹಾಲ್, ಅಡುಗೆಮನೆ, ದೇವರ ಮನೆ, ಅಮ್ಮನಿಗೊಂದು ರೂಮು, ನಿಮಗೊಂದು ರೂಮು. ಮೇಲೆ ಒಂದು ರೂಮು, ಒಂದು ಬಚ್ಚಲು, ಮೆಟ್ಟಿಲು, ಉಳಿದದ್ದು ತೆರೆದ ತಾರಸಿ. ಇಷ್ಟಕ್ಕೆ 1,530 ಸಾಕು. ಮುಂದೆ ಮಕ್ಕಳು ದುಡಿಯುವ ಹೊತ್ತಿಗೆ ಆ ತಾರಸಿಯ ಮೇಲೆ ಕಟ್ಟಿಕೊಳ್ಳಬಹುದು, ಪಾಯ ಮತ್ತು ಕಂಬಗಳನ್ನು ಈಗಲೇ ಅದಕ್ಕೆ ತಕ್ಕಂತೆ ಲೆಕ್ಕ ಹಾಕಿಸಿರಬೇಕು ಅಷ್ಟೇ. ಕಂಬದ ಕಂಬಿಗಳನ್ನು ಆಕಾಶ ನೋಡುತ್ತಾ ಹಾಗೇ ಬಿಟ್ಟರೆ ಹತ್ತು ಮಳೆಗಾಲದಲ್ಲಿ ತುಕ್ಕು ತಿಂದು ಪೆನ್ಸಿಲಿನಷ್ಟಾಗುತ್ತವೆ. ಸಿಮೆಂಟ್ ಕಮ್ಮಿ ಹಾಕಿದ ಬಡ ಕಾಂಕ್ರೀಟ್ ಸುತ್ತಿ ಮುಚ್ಚಿಡಿ, ಬೇಕಾದಾಗ ಒಡೆದುಕೊಳ್ಳಬಹುದು. ಬರೀ ಕೆಳಗಿನ ಮನೆ ಈಗ, ಮೇಲೆ ಪೂರ್ತಿ ಆಮೇಲೆ ಅನ್ನುವುದೂ ಒಂದು ದಾರಿ. ಆದರೆ ಆಗ ಚದರಡಿ ದರ 2,300ರಲ್ಲಿ ನಿಲ್ಲುವುದಿಲ್ಲ, ಯಾಕೆಂದರೆ ಪಾಯದ ಖರ್ಚೆಲ್ಲ ಒಂದೇ ಅಂತಸ್ತಿನ ತಲೆ ಮೇಲೆ ಬೀಳುತ್ತದೆ.

ಬಚ್ಚಲುಗಳನ್ನು ಎಣಿಸಿ. ನಿಮ್ಮ ಪ್ಲಾನಿನಲ್ಲಿ ನಾಲ್ಕೋ ಐದೋ ಇರಬೇಕು, ಈಗ ಎಲ್ಲರ ಪ್ಲಾನಿನಲ್ಲೂ ಹಾಗೇ. 8×5ರ ಬಚ್ಚಲಿನ ನೆಲ 40 ಚದರಡಿ. ಆದರೆ ಗೋಡೆಗೆ ಏಳಡಿ ಎತ್ತರ ಟೈಲ್ಸ್ ಹಾಕಿದರೆ ಬಾಗಿಲು ಕಳೆದು 164, ನೆಲ ಸೇರಿ 204 ಚದರಡಿ ಟೈಲ್ಸ್. ಅದರ ಮೇಲೆ ವಾಟರ್‌ಪ್ರೂಫಿಂಗ್, ಪೈಪು, ಕಮೋಡು, ನಲ್ಲಿಗಳು. ಮನೆಯಲ್ಲಿ ಚದರಡಿಗೆ ಅತಿ ದುಬಾರಿ ಜಾಗ ಅದೇ. ಐದು ಜನರ ಮನೆಗೆ ಮೂರು ಸಾಕು, ಒಂದರ ಮೇಲೊಂದು ಬರುವ ಹಾಗೆ ಕೂರಿಸಿ. ಪೈಪೂ ಕಮ್ಮಿ, ಸೋರಿಕೆಯ ಹುಡುಕಾಟವೂ ಕಮ್ಮಿ.

ಹಾಲ್‌ನಲ್ಲಿ ಡಬಲ್ ಹೈಟ್ ಇದ್ದರೆ ಅದನ್ನು ತೆಗೆಸಿ. ಸ್ಲ್ಯಾಬ್ ಉಳಿಯಿತಲ್ಲ, ಅಗ್ಗ ಅಂತ ಜನ ಅಂದುಕೊಳ್ಳುತ್ತಾರೆ. ಗೋಡೆ ಎರಡು ಪಟ್ಟು ಎತ್ತರ, ಸಾರುವೆ ಕಟ್ಟಬೇಕು, ಮೇಲೆ ರೇಲಿಂಗು, ಉದ್ದದ ಕಿಟಕಿ, ಬಲ್ಬು ಕೆಟ್ಟರೆ ಏಣಿ. ಎಷ್ಟೋ ಕಂಟ್ರಾಕ್ಟರ್‌ಗಳು ಆ ಖಾಲಿ ಜಾಗಕ್ಕೂ ಅರ್ಧ ದರ ಹಾಕುತ್ತಾರೆ. ಹಾಲ್‌ನಲ್ಲಿ ಕಂಬ ಬೇಡವೇ ಬೇಡ, 20 ಅಡಿ ಬಯಲು ಬೇಕು ಅನ್ನುವ ಹಟವೂ ಅಷ್ಟೇ. ಹತ್ತರಿಂದ ಹದಿನಾಲ್ಕು ಅಡಿಗೊಂದು ಆಧಾರ ಸಿಕ್ಕರೆ ತೊಲೆ ಸಾಧಾರಣ ಗಾತ್ರದ್ದು ಸಾಕು, ಜಾಸ್ತಿ ಆದರೆ ತೊಲೆಯ ಆಳ, ಕಬ್ಬಿಣ ಎರಡೂ ಏರುತ್ತವೆ. ಈ ಗಾತ್ರದ ಮನೆಗೆ ಚದರಡಿಗೆ ನಾಲ್ಕು ಕೆಜಿ ಸುಮಾರಿಗೆ ಕಬ್ಬಿಣ, ಅಂದರೆ ನಿಮಗೆ ಆರು ಟನ್ ಚಿಲ್ಲರೆ. ಸ್ಟ್ರಕ್ಚರ್ ಡ್ರಾಯಿಂಗಿನಲ್ಲಿ ಹತ್ತು ಟನ್ ಬಂದರೆ ಎಲ್ಲಿ ಹೋಗುತ್ತಿದೆ ಅಂತ ಕೇಳಿ. ಕಮ್ಮಿ ಮಾಡಿ ಅಂತ ಹಟ ಹಿಡಿಯಬೇಡಿ, ಕೇಳಿ ಸಾಕು. ಮುಂದಕ್ಕೆ ಚಾಚಿದ ಬಾಲ್ಕನಿಯೋ, ಆಧಾರವಿಲ್ಲದೆ ತೇಲುವ ಕಂಬವೋ, ಏನೋ ಒಂದು ಇರುತ್ತದೆ. ಅದು ಪ್ಲಾನಿನಲ್ಲೇ ಸರಿಯಾಗಬೇಕಾದ್ದು.

ಎರೆಮಣ್ಣು ಅಂದಿರಿ. ಇದು ನಿಮ್ಮ ಪತ್ರದಲ್ಲಿ ನನಗೆ ಅತಿ ಚಿಂತೆ ಹುಟ್ಟಿಸಿದ ಪದ. ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ನಿಮ್ಮ ಸುತ್ತಲಿನ ಹೊಲಗಳಲ್ಲಿ ಏಪ್ರಿಲ್‌ನಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು ನೋಡಿಯೇ ಇರುತ್ತೀರಿ. ಅದರ ಮೇಲೆ ಕೆಂಪು ಮಣ್ಣಿನ ಊರಿನ ಪಾಯ ಹಾಕಿದರೆ ಗೋಡೆಯೂ ಬಿರುಕು ಬಿಡುತ್ತದೆ. ಕಂಟ್ರಾಕ್ಟರ್ ಕೊಟೇಶನ್ನಿನಲ್ಲಿ "ಪಾಯ 5 ಅಡಿವರೆಗೆ" ಅಂತ ಒಂದು ಸಾಲು ಇರುತ್ತದೆ, ಆಚೆಗೆ ಹೋದದ್ದೆಲ್ಲ ಎಕ್ಸ್‌ಟ್ರಾ. ಎರೆಯ ಪದರ ಎಷ್ಟು ಆಳ ಇದೆ, ಕೆಳಗೆ ಗಟ್ಟಿ ಎಲ್ಲಿ ಸಿಗುತ್ತದೆ ಅನ್ನುವುದು ಮಣ್ಣು ಪರೀಕ್ಷೆ ಮಾಡಿಸದೆ ಯಾರಿಗೂ ಗೊತ್ತಾಗುವುದಿಲ್ಲ, ಪಕ್ಕದ ಸೈಟಿನವರು ಏನೇ ಹೇಳಲಿ. ಎರೆ ತೆಗೆದು ಗರಸು ತುಂಬಿ ದಮ್ಮಸು ಹಾಕಿಸುವುದು ಒಂದು ಉಪಾಯ, ತೀರಾ ಆಳ ಇದ್ದರೆ ನೆಲದೊಳಗೆ ಹಾಕುವ, ಬುಡದಲ್ಲಿ ಗಡ್ಡೆಯ ಹಾಗೆ ಉಬ್ಬಿದ ಕಾಂಕ್ರೀಟ್ ಕಂಬ, ಅಂದರೆ ಅಂಡರ್‌ರೀಮ್ಡ್ ಪೈಲ್. ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಪದ್ಧತಿ ಅದು. ಎರಡರಲ್ಲಿ ಯಾವುದು ಅಂತ ಸ್ಟ್ರಕ್ಚರ್ ಎಂಜಿನಿಯರ್ ಹೇಳಲಿ, ಆಮೇಲೆ ಕಂಟ್ರಾಕ್ಟರ್ ದರ ಹೇಳಲಿ. ಈಗ ನಿಮಗೆ ಆಗಿರುವುದು ಉಲ್ಟಾ. ಮಣ್ಣು ನೋಡದೆ 2,300 ಹೇಳಿದ್ದಾರೆ. ಹಾಗೇ ಸೈಟು ರಸ್ತೆಗಿಂತ ತಗ್ಗಾಗಿದೆಯಾ ನೋಡಿ. ಎರಡಡಿ ತಗ್ಗಿದ್ದರೆ ಮನೆಯ ಜಾಗಕ್ಕಷ್ಟೇ ಎರಡು ಸಾವಿರ ಘನ ಅಡಿ ಮಣ್ಣು ಬೇಕು, ಅದೂ ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಆ 2,300 ಅನ್ನುವ ದರದ ಬಗ್ಗೆಯೂ ಒಂದು ಮಾತು. ಚದರಡಿ ಅಂದರೆ ಯಾವ ಚದರಡಿ? ಬಾಲ್ಕನಿ ಪೂರ್ತಿಯಾ ಅರ್ಧವಾ, ಮೆಟ್ಟಿಲಿನ ಮೇಲಿನ ಹೆಡ್‌ರೂಮ್ ಸೇರುತ್ತದಾ, ಸಜ್ಜೆ, ಪೋರ್ಟಿಕೊ? ಸ್ಲ್ಯಾಬ್ ಅಳತೆಯಲ್ಲಿ ಎಣಿಸಿದರೆ ಪ್ಲಾನಿನ 1,530 ಸೈಟಿನಲ್ಲಿ 1,650 ಆಗಿಬಿಡುತ್ತದೆ, ಎರಡೂಮುಕ್ಕಾಲು ಲಕ್ಷ ಹೋಯಿತು. ಜಿಎಸ್‌ಟಿ ಸೇರಿದೆಯಾ ಅಂತಲೂ ಕೇಳಿ. ಮೆಟೀರಿಯಲ್ ಸಹಿತ ಗುತ್ತಿಗೆಗೆ ಶೇಕಡ 18, 35 ಲಕ್ಷಕ್ಕೆ ಆರು ಲಕ್ಷದ ಮೇಲೆ. ಮನೆ ಮುಗಿಯುವಾಗ "ಬಿಲ್ ಬೇಕಾದರೆ ಜಿಎಸ್‌ಟಿ ಕೊಡಿ ಸಾರ್" ಅನ್ನಿಸಿಕೊಳ್ಳಬೇಡಿ, ಬ್ಯಾಂಕು ಬಿಲ್ ಕೇಳಬಹುದು. ಒಂಟಿ ಮನೆಗೆ ಬರೀ ಕೂಲಿ ಗುತ್ತಿಗೆ ಕೊಟ್ಟರೆ ಜಿಎಸ್‌ಟಿ ವಿನಾಯಿತಿ ಇದೆ. ಆದರೆ ಆಗ ಮರಳು, ಜಲ್ಲಿ, ಸಿಮೆಂಟು ಎಲ್ಲ ನೀವೇ ತರಬೇಕು, ಕಾಯಬೇಕು. ಇಬ್ಬರೂ ಶಾಲೆಗೆ ಹೋಗುವವರು, ಎಂ-ಸ್ಯಾಂಡ್ ಲಾರಿ ಬೆಳಗ್ಗೆ ಹನ್ನೊಂದಕ್ಕೆ ಬಂದರೆ ಅಳೆದು ಇಳಿಸಿಕೊಳ್ಳುವವರು ಯಾರು? ಬೇಡ ಅಂತ ನನ್ನ ಅಭಿಪ್ರಾಯ.

ನನ್ನನ್ನು ಕೇಳಿದರೆ ಚದರಡಿ ದರವೇ ಬೇಡ, ಐಟಂ ದರಕ್ಕೆ ಹೋಗಿ. ಆರ್ಕಿಟೆಕ್ಟ್ ಕಡೆಯಿಂದ ಪ್ರಮಾಣದ ಪಟ್ಟಿ ಮಾಡಿಸಿ: ಪಾಯ ಅಗೆತ ಇಷ್ಟು, ಕಾಂಕ್ರೀಟ್ ಇಷ್ಟು, ಗೋಡೆ ಇಷ್ಟು, ಗಿಲಾವ್ ಇಷ್ಟು, ಎಲೆಕ್ಟ್ರಿಕ್ ಪಾಯಿಂಟ್ ಇಷ್ಟು. ಅಳತೆ ಹೇಗೆ ಮಾಡಬೇಕು ಅನ್ನುವುದಕ್ಕೆ ಐಎಸ್ 1200 ಅಂತ ಮಾನಕವೇ ಇದೆ, ಅದರ ಪ್ರಕಾರ ಅಂತ ಒಂದು ಸಾಲು ಹಾಕಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಅದೇ ಪಟ್ಟಿಯನ್ನು ಮೂರು ಕಂಟ್ರಾಕ್ಟರ್‌ಗೆ ಕೊಡಿ. ಆಗ ಮೂವರೂ ಒಂದೇ ಮನೆಗೆ ದರ ಹೇಳುತ್ತಾರೆ. ಈಗ ಒಬ್ಬೊಬ್ಬರು ಅವರವರ ತಲೆಯಲ್ಲಿರುವ ಮನೆಗೆ ಹೇಳುತ್ತಿದ್ದಾರೆ. ಈ ಪಟ್ಟಿ ಮಾಡಬೇಕಾದರೆ ಡ್ರಾಯಿಂಗ್ ಪೂರ್ತಿ ಆಗಿರಬೇಕು. ಸ್ವಿಚ್ಚು ಎಲ್ಲಿ, ಸಿಂಕು ಎಲ್ಲಿ, ಕಿಟಕಿ ಯುಪಿವಿಸಿಯಾ ಮರದ್ದಾ, ಮುಂಬಾಗಿಲು ತೇಗವಾ ಹೊನ್ನೆಯಾ. ಎರಡು ತಿಂಗಳು ಹಿಡಿಯುತ್ತದೆ. ಮುಹೂರ್ತ ತಪ್ಪುತ್ತದೆ ಅಂತ ಮನೆಯಲ್ಲಿ ಗೊಣಗುತ್ತಾರೆ. ಮುಂದಿನ ಮುಹೂರ್ತ ಇದ್ದೇ ಇರುತ್ತದೆ.

ಇದನ್ನು ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಕಾರಣ ನನ್ನದೇ ಮನೆ. 2011ರಲ್ಲಿ 22 ಲಕ್ಷಕ್ಕೆ ಅಂತ ಶುರು ಮಾಡಿದೆ, 29ಕ್ಕೆ ನಿಂತಿತು. ಬೇರೆಯವರಿಗೆಲ್ಲ ಪೂರ್ತಿ ಡ್ರಾಯಿಂಗ್ ಮಾಡಿಕೊಡುವ ನಾನು, ನನ್ನ ಮನೆಗೆ "ಸೈಟಿನಲ್ಲೇ ನೋಡಿಕೊಂಡರಾಯಿತು" ಅಂದುಕೊಂಡಿದ್ದೆ. ಸೈಟಿಗೆ ಹೋದಾಗಲೆಲ್ಲ ಒಂದು ಹೊಸ ಐಡಿಯಾ. ಮೇಸ್ತ್ರಿ ಪಾಪ "ಆಯ್ತು ಸಾರ್" ಅಂತಲೇ ಇದ್ದರು, ಶನಿವಾರದ ಬಟವಾಡೆಯಲ್ಲಿ ಗೊತ್ತಾಗುತ್ತಿತ್ತು. ಲಿಂಟಲ್ (ಕಿಟಕಿ, ಬಾಗಿಲ ಮೇಲಿನ ಕಾಂಕ್ರೀಟ್ ಪಟ್ಟಿ) ಆದ ಮೇಲೆ ಅಡುಗೆಮನೆಯ ಕಿಟಕಿಯನ್ನು ಮೂರಡಿ ಸರಿಸಿದೆ. ಒಡೆದವರ ಕೂಲಿ, ಕಟ್ಟಿದವರ ಕೂಲಿ, ಹೊಸ ಲಿಂಟಲ್, ಹಳೆಯ ಪೈಪು ಬಿಚ್ಚಿ ಹೊಸದು. ಕಿಟಕಿಯಿಂದ ಈಗ ಪಕ್ಕದ ಮನೆಯವರ ಟ್ಯಾಂಕು ಚೆನ್ನಾಗಿ ಕಾಣುತ್ತದೆ.

ಹಾಗಾಗಿ ವಾಸ್ತು ನೋಡುವವರನ್ನು ಕರೆಯಬೇಕು ಅಂತಿದ್ದರೆ ಈಗಲೇ ಕರೆಯಿರಿ, ಪ್ಲಾನು ಕಾಗದದಲ್ಲಿ ಇರುವಾಗ. ಒಬ್ಬರನ್ನೇ ಕರೆಯಿರಿ. ಗೋಡೆ ಎದ್ದ ಮೇಲೆ ಬಂದ ಎರಡನೆಯವರಿಂದ ನನ್ನ ಒಬ್ಬ ಗ್ರಾಹಕರು ಮೆಟ್ಟಿಲನ್ನೇ ತಿರುಗಿಸಿದರು. ಕೆಲಸ ಶುರುವಾದ ಮೇಲೆ ಏನೇ ಬದಲಾಯಿಸಬೇಕಾದರೂ ಒಂದು ನಿಯಮ ಇಟ್ಟುಕೊಳ್ಳಿ: ಮೊದಲು ಎಷ್ಟು ಅಂತ ಬರಹದಲ್ಲಿ ಬರಬೇಕು, ಆಮೇಲೆ ನೀವಿಬ್ಬರೂ ಒಪ್ಪಬೇಕು, ಆಮೇಲೆ ಒಡೆಯುವುದು. ಸೈಟಿನಲ್ಲಿ ನಿಂತು "ಇದನ್ನು ಸ್ವಲ್ಪ ಹೀಗೆ ಮಾಡಿಬಿಡಿ" ಅನ್ನುವ ಅಧಿಕಾರ ಭಾವನವರಿಗಂತೂ ಕೊಡಬೇಡಿ.

ಪ್ಲಾನಿಗೆ ಮಂಜೂರಾತಿ ಸಿಕ್ಕ ಮೇಲೆ ಪಕ್ಕದ ಜಾಗದಲ್ಲಿ ಒಂದು ರೂಮು ಚಾಚಿಕೊಳ್ಳೋಣ ಅನ್ನುವ ಯೋಚನೆ ಬಂದರೆ ಅಲ್ಲೇ ಬಿಡಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಪೂರ್ಣಗೊಂಡ ಪ್ರಮಾಣಪತ್ರ ಇಲ್ಲದೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಅಂತ ಹೇಳಿದ ಮೇಲೆ ಅದರ ಬಿಸಿ ಎಲ್ಲ ಕಡೆಗೂ ತಟ್ಟಿದೆ. ಬೆಸ್ಕಾಂನ ತಾತ್ಕಾಲಿಕ ಸಂಪರ್ಕದ ದರದಲ್ಲಿ ಸಂಸಾರ ಮಾಡುವುದು ದುಬಾರಿ.

ದುಡ್ಡು ಕೊಡುವ ಕ್ರಮ. ಕಂಟ್ರಾಕ್ಟರ್ ಕೊಡುವ ಹಂತಗಳ ಪಟ್ಟಿಯಲ್ಲಿ ಸ್ಲ್ಯಾಬ್ ಹಾಕುವ ಹೊತ್ತಿಗೆ ನಿಮ್ಮಿಂದ ಮುಕ್ಕಾಲು ಪಾಲು ಹೋಗಿರುತ್ತದೆ. ಸ್ಲ್ಯಾಬ್ ಬಿದ್ದ ದಿನ ಮನೆ ಆಗಿಹೋಯಿತು ಅನ್ನಿಸುತ್ತದೆ, ಸೆಂಟ್ರಿಂಗ್ ಹುಡುಗರಿಗೆ ಊಟ ಹಾಕಿಸಿ ಫೋಟೋ ತೆಗೆಸಿಕೊಂಡಿರುತ್ತೀರಿ. ಖರ್ಚಿನ ಲೆಕ್ಕದಲ್ಲಿ ಅದು ಹೆಚ್ಚು ಕಮ್ಮಿ ಅರ್ಧ ದಾರಿ. ಗಿಲಾವ್, ನೆಲ, ಬಾಗಿಲು, ಬಣ್ಣ, ವೈರಿಂಗ್ ಎಲ್ಲ ಮುಂದಿದೆ. ಅಡ್ವಾನ್ಸ್ ಹತ್ತು ಪರ್ಸೆಂಟ್ ಮೀರಬೇಡಿ, ಮುಗಿದ ಕೆಲಸಕ್ಕೆ ಮಾತ್ರ ಕೊಡಿ, ಆರ್ಕಿಟೆಕ್ಟ್ ನೋಡಿ ಸಹಿ ಹಾಕಿದ ಬಿಲ್ಲಿಗೆ ಮಾತ್ರ. ಕೊನೆಯ ಶೇಕಡ 5 ಒಂದು ಮಳೆಗಾಲ ಕಳೆಯುವವರೆಗೆ ನಿಮ್ಮ ಹತ್ತಿರ ಇರಲಿ.

ಎಲ್ಲಿ ಉಳಿಸಬಾರದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಪಾಯ, ಬಚ್ಚಲಿನ ಮತ್ತು ತಾರಸಿಯ ವಾಟರ್‌ಪ್ರೂಫಿಂಗ್, ವೈರು, ಗೋಡೆಯೊಳಗಿನ ಪೈಪು. ಇವು ಒಳಗೆ ಹೋದ ಮೇಲೆ ಕೈಗೆ ಸಿಗುವುದಿಲ್ಲ. ಫಾಲ್ಸ್ ಸೀಲಿಂಗ್, ಮುಂದುಗಡೆಯ ಕಲ್ಲಿನ ಹೊದಿಕೆ, ಗಾಜಿನ ರೇಲಿಂಗು ಐದು ವರ್ಷ ಬಿಟ್ಟು ಹಾಕಿದರೂ ನಡೆಯುತ್ತದೆ, ಹಾಕದಿದ್ದರೂ ನಡೆಯುತ್ತದೆ. ಕೇರಳದಲ್ಲಿ ಕಮ್ಮಿ ಖರ್ಚಿನ ಮನೆಗಳಿಗೆ ಹೆಸರಾದ ಆರ್ಕಿಟೆಕ್ಟ್ ಲಾರಿ ಬೇಕರ್ ರೀತಿಯ ಮನೆ ಅಗ್ಗವಂತೆ ಅಂತ ಎಷ್ಟೋ ಜನ ಕೇಳುತ್ತಾರೆ. ಇಟ್ಟಿಗೆಯನ್ನು ಅಡ್ಡ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ರ್‍ಯಾಟ್ ಟ್ರ್ಯಾಪ್ ಗೋಡೆಯಲ್ಲಿ ಕಾಲು ಭಾಗದಷ್ಟು ಇಟ್ಟಿಗೆ ಉಳಿಯುವುದು ನಿಜ. ಆದರೆ ಆ ಕೆಲಸ ಗೊತ್ತಿರುವ ಗಾರೆಯವರು ನಿಮ್ಮ ಊರಲ್ಲಿ ಇದ್ದರೆ ಮಾತ್ರ. ಕಲಿಯುತ್ತಾ ಕಟ್ಟಿದರೆ ಉಳಿದ ಇಟ್ಟಿಗೆ ಕೂಲಿಯಲ್ಲಿ ಹೋಗುತ್ತದೆ.

ಇನ್ನು ಅಮ್ಮನ ಉಯ್ಯಾಲೆ. ಅದು ಖಂಡಿತ ಇರಲಿ. ಈಗಲೇ ಆರ್ಕಿಟೆಕ್ಟ್‌ಗೆ ಹೇಳಿ ಹಾಲ್‌ನಲ್ಲಿ ಅದರ ಜಾಗ ಗುರುತು ಮಾಡಿಸಿ, ಹಿಂದೆ ಮುಂದೆ ತೂಗಲು ಜಾಗ ಬೇಕಲ್ಲ. ಸ್ಟ್ರಕ್ಚರ್ ಎಂಜಿನಿಯರ್ ಆ ಭಾರವನ್ನು ಲೆಕ್ಕಕ್ಕೆ ತೆಗೆದುಕೊಂಡು ಕೊಕ್ಕೆಗಳ ಜಾಗವನ್ನು ಡ್ರಾಯಿಂಗಿನಲ್ಲಿ ತೋರಿಸುತ್ತಾರೆ. ಕಂಬಿ ಕಟ್ಟುವಾಗಲೇ ಬಾರ್ ಬೆಂಡರ್ ಕೈಯಲ್ಲಿ ಕೊಕ್ಕೆಗಳನ್ನು ತೊಲೆಯ ಕಂಬಿಗೆ ಸಿಕ್ಕಿಸಿ ಕಟ್ಟಿಸಿದರೆ ಸ್ಲ್ಯಾಬ್ ಜೊತೆಗೇ ಕೂತುಬಿಡುತ್ತವೆ, ಖರ್ಚು ಸಾವಿರ ರೂಪಾಯಿ ದಾಟುವುದಿಲ್ಲ. ಉಯ್ಯಾಲೆ ಹಲಗೆ, ಸರಪಳಿ ಬೇರೆ. ಸ್ಲ್ಯಾಬ್ ಹಾಕುವ ಹಿಂದಿನ ದಿನ ಸಂಜೆ ಶಾಲೆ ಬಿಟ್ಟ ಮೇಲೆ ನೀವೇ ಮೇಲೆ ಹತ್ತಿ ಕೊಕ್ಕೆ ಎಣಿಸಿ ಬನ್ನಿ. ಕಾಂಕ್ರೀಟ್ ಬೀಳುವ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಅದನ್ನೇ.